ಒಂದು ಕೆ.ಜಿ. ಲ್ಯಾಪ್‌ಟಾಪೂ ನಾಲ್ಕು ಬೊಟ್ಟು ಅರಿಶಿನವೂ

ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ನನ್ನ ಮುಖ ನೋಡುವುದಕ್ಕೆ ಮೊದಲು ನನ್ನ ಹೆಗಲು ನೋಡುತ್ತಾರೆ. ಅಲ್ಲಿ ಆ ಕಪ್ಪು ಚೀಲ ತೂಗುತ್ತಿದ್ದರೆ ಅವರ ಮುಖ ಗಂಟಾಗುತ್ತದೆ. “ಅಕ್ಕಾ, ಅದನ್ನ ದಾರೀಲಿ ಇಡಬೇಡಿ ಮಾರಾಯ್ರೇ, ಮೊನ್ನೆ ಒಬ್ರು ಎಡವಿ ನನ್ನ ಮೇಲೇ ಬಿದ್ರು” ಎನ್ನುತ್ತಾರೆ. ಸೀಟು ಸಿಕ್ಕರೆ ತೊಡೆಯ ಮೇಲೆ, ಸಿಗದಿದ್ದರೆ ಎರಡು ಕಾಲುಗಳ ನಡುವೆ ಚೀಲವನ್ನು ಸಿಕ್ಕಿಸಿಕೊಂಡು ನಾನು ಶೃಂಗೇರಿಗೂ ನರಸಿಂಹರಾಜಪುರಕ್ಕೂ ತಿರುಗುತ್ತಿರುತ್ತೇನೆ. ಚೀಲದೊಳಗೆ ಇರುವುದು ನನ್ನ ಹಳೆಯ ಲ್ಯಾಪ್‌ಟಾಪು. ಚಾರ್ಜರು ಬಿಟ್ಟರೆ ಮೂರು ಕೆ.ಜಿ.ಗೆ ಸ್ವಲ್ಪ ಕಡಿಮೆ, ಚಾರ್ಜರು ಸೇರಿದರೆ ಮೂರು ಕೆ.ಜಿ.ಗೆ ಸ್ವಲ್ಪ ಹೆಚ್ಚು.

ಮೊನ್ನೆ ಪಕ್ಕದ ಮನೆಯ ಹುಡುಗಿ ಬಂದು, “ವಾರಿಜಕ್ಕಾ, ಓಡಾಟಕ್ಕೆ ಲ್ಯಾಪ್‌ಟಾಪ್ ತಗಳದಾದ್ರೆ ಸಣ್ಣದು ಒಳ್ಳೇದಾ, ದೊಡ್ಡದಾ?” ಎಂದು ಕೇಳಿದಳು. ಒಂದು ಮಾತಿನಲ್ಲಿ ಉತ್ತರ ಹೇಳಬಹುದಾಗಿದ್ದ ಪ್ರಶ್ನೆ. ನಾನು ಹಳೆಯದನ್ನು ತೆರೆದು ತೋರಿಸಲು ಹೋದೆ. ಅವಳು ಅದರ ನಾಲ್ಕು ಮೂಲೆಗಳಲ್ಲಿ ಹಳದಿಗಟ್ಟಿದ್ದ ಕಲೆಗಳನ್ನು ನೋಡಿ ಮೂಗು ಮುರಿದಳು. ಪರದೆಯ ಕೆಳಮೂಲೆಯಲ್ಲಿ ಇನ್ನೊಂದು ಹಳದಿ ಬೊಟ್ಟು ಇದೆ, ಅದನ್ನು ಉಗುರಿನಿಂದ ಕೆರೆಯಲು ಹೋದಳು. ನಾನು ಕೂಗಿದ ಕೂಗಿಗೆ ಪಾಪ, ಹುಡುಗಿ ಚಹಾ ಕೂಡ ಕುಡಿಯದೆ ಎದ್ದು ಹೋದಳು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ನಿಮಗೆ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕೂತುಕೊಳ್ಳಿ.

ನನ್ನ ಕೆಲಸ ಮದುವೆ, ಉಪನಯನ, ಗೃಹಪ್ರವೇಶದ ಕರೆಯೋಲೆಗಳನ್ನು ಮಾಡಿಕೊಡುವುದು. ಊರೂರು ತಿರುಗುವ ಅಗತ್ಯ ಏನು, ಫೋನಿನಲ್ಲಿ ಕಳಿಸಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ನಮ್ಮ ಕಡೆ ಕರೆಯೋಲೆಯನ್ನು ಒಬ್ಬರು ಓದಿ ಒಪ್ಪುವುದಿಲ್ಲ. ಮನೆಯವರೆಲ್ಲ ಒಟ್ಟಿಗೆ ಕೂತು ಓದಬೇಕು. ಯಾರ ಹೆಸರು ಯಾರ ಮೇಲೆ, ಯಾರದು ಕೆಳಗೆ, ಯಾರ ಹೆಸರಿನ ಹಿಂದೆ ‘ದಿವಂಗತ’ ಬರಬೇಕು, ಯಾವ ಚಿಕ್ಕಪ್ಪನನ್ನು ಬಿಟ್ಟರೆ ಯಾವ ಚಿಕ್ಕಮ್ಮ ಮದುವೆಗೆ ಬರುವುದಿಲ್ಲ, ಎಲ್ಲ ಅಲ್ಲೇ ತೀರ್ಮಾನವಾಗಬೇಕು. ಎಲ್ಲ ಮುಗಿದ ಮೇಲೆ ಮನೆಯ ಹೆಂಗಸೊಬ್ಬರು ಅರಿಶಿನ ಕಲಸಿ ತಂದು ಕರಡಿನ ನಾಲ್ಕು ಮೂಲೆಗೆ ಬೊಟ್ಟು ಇಡುತ್ತಾರೆ. ಅಲ್ಲಿಗೆ ಆಯಿತು.

ಈ ಶಾಸ್ತ್ರ ನನ್ನ ಅಪ್ಪನ ಕಾಲದ್ದು. ಅಪ್ಪ ಕೊಪ್ಪದ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ, ಅಚ್ಚಾಗಿ ಮುಗಿದ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಪೆಟ್ಟಿಗೆಯಲ್ಲಿ ಅವುಗಳ ಮನೆಗೆ ಹಾಕುತ್ತಿದ್ದೆ. ಕೈಯೆಲ್ಲ ಕಪ್ಪು, ಲಂಗವೆಲ್ಲ ಸೀಮೆಎಣ್ಣೆಯ ವಾಸನೆ. ಒಂದು ದಿನ ನನ್ನ ಹೆಸರಿನ ಮೂರು ಅಕ್ಷರ ಕದ್ದು ಲಂಗದ ಜೇಬಿಗೆ ಹಾಕಿಕೊಂಡು ಬಂದೆ. ಮೂರೇ ಅಕ್ಷರ. ಆದರೂ ಜೇಬು ಜೋತು ಬಿದ್ದು ಹೊಲಿಗೆ ಬಿಚ್ಚಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಮ್ಮನ ಕೈಗೆ ಸಿಕ್ಕಿಬಿದ್ದೆ. ಅಪ್ಪ ಹೊಡೆಯಲಿಲ್ಲ. “ನಿನ್ನ ಜೇಬಲ್ಲಿ ‘ಜ’ ಇದ್ರೆ, ಅಲ್ಲಿ ಯಾರದೋ ಕರೆಯೋಲೇಲಿ ಒಂದು ಹೆಸರು ಅರ್ಧಕ್ಕೆ ನಿಂತಿರ್ತದೆ” ಎಂದ, ಅಷ್ಟೆ. ಹೊಡೆದಿದ್ದರೆ ಮರೆತು ಹೋಗುತ್ತಿತ್ತು.

ಅಪ್ಪನದು ಒಂದು ಕಟ್ಟುನಿಟ್ಟು ಇತ್ತು. ಕರಡಿಗೆ ಅರಿಶಿನ ಬಿತ್ತು ಎಂದರೆ, ಕಟ್ಟಿದ ಮೊಳೆಗೆ ದಾರ ಸುತ್ತಿ ಕಬ್ಬಿಣದ ಚೌಕಟ್ಟಿಗೆ ಬಿಗಿದುಬಿಡುವುದು. ಆಮೇಲೆ ದೇವರೇ ಬಂದು ಹೇಳಿದರೂ ಒಂದು ಅಕ್ಷರ ಮುಟ್ಟುವುದಿಲ್ಲ. “ಅರಿಶಿನ ಬಿದ್ದ ಮೇಲೆ ಅಕ್ಷರ ಮುಟ್ಟಬಾರ್ದು.” ಮೂರು ತಾಲ್ಲೂಕಿನ ಹಳಬರಿಗೆ ಈ ಮಾತು ಗೊತ್ತು. ಮುದ್ರಣಾಲಯ ಮುಚ್ಚಿತು, ಅಪ್ಪ ಹೋದ, ನಾನು ಕಂಪ್ಯೂಟರ್ ಕಲಿತೆ. ಆದರೂ ನನಗೆ ಇವತ್ತಿಗೂ ಕೆಲಸ ಸಿಗುವುದು ‘ಅವರ ಮಗಳು, ಅರಿಶಿನ ಬಿದ್ದ ಮೇಲೆ ಮುಟ್ಟುವವಳಲ್ಲ’ ಎಂಬ ಹೆಸರಿನಿಂದ.

ಬಣ್ಣದ ಕಾರ್ಡುಗಳು ಬಂದ ಮೇಲೆ ಕರಡನ್ನು ಕಾಗದದಲ್ಲಿ ತೋರಿಸುವುದು ನಿಂತಿತು. ಕಪ್ಪು ಬಿಳುಪಿನಲ್ಲಿ ತೆಗೆದುಕೊಂಡು ಹೋದರೆ, “ಇದೆಂತ ಮಾರಾಯ್ತಿ, ವೈಕುಂಠ ಸಮಾರಾಧನೆ ಕಾರ್ಡಿನ ಹಂಗೆ” ಎನ್ನುತ್ತಾರೆ. ಹಾಗಾಗಿ ಲ್ಯಾಪ್‌ಟಾಪಿನಲ್ಲೇ ತೋರಿಸತೊಡಗಿದೆ. ಅರಿಶಿನ ಎಲ್ಲಿಗೆ? ಅದಕ್ಕೂ ದಾರಿ ಸಿಕ್ಕಿತು. ಹಳೆಯ ಲ್ಯಾಪ್‌ಟಾಪಿನ ಪರದೆಯ ಸುತ್ತ ಬೆರಳಗಲದ ಪ್ಲಾಸ್ಟಿಕ್ ಅಂಚು ಇದೆ. ಹೆಂಗಸರು ಅದರ ನಾಲ್ಕು ಮೂಲೆಗೇ ಬೊಟ್ಟು ಇಡತೊಡಗಿದರು. ಅಷ್ಟು ವರ್ಷಗಳ ಅರಿಶಿನ ಕೂತು ಕೂತು ಅದು ಹಳದಿಗಟ್ಟಿರುವುದು.

ಆದರೆ ಅದರ ಕಾಟ ಒಂದೆರಡಲ್ಲ. ಎಡಹೆಗಲು ಬಲಹೆಗಲಿಗಿಂತ ಒಂದು ಬೆರಳು ಕೆಳಗೆ ಇಳಿದಿದೆ. ರವಿಕೆ ಹೊಲಿಯುವವಳು ಅಳತೆ ತೆಗೆಯುವಾಗ ನಗುತ್ತಾಳೆ. ಡಾಕ್ಟರು, “ಚೀಲ ಬದಲ್ಸಿ, ಇಲ್ಲಾಂದ್ರೆ ಹೆಗಲು ಬದಲ್ಸಿ” ಎಂದರು. ಬ್ಯಾಟರಿ ನಲವತ್ತು ನಿಮಿಷ ಬಂದರೆ ಪುಣ್ಯ. ಚಾಲೂ ಮಾಡಿದರೆ ಹಿಟ್ಟಿನ ಗಿರಣಿಯ ಸದ್ದು. ಯಾವ ಮನೆಗೆ ಹೋದರೂ ಕೂರುವ ಮೊದಲೇ “ಪ್ಲಗ್ ಎಲ್ಲಿದೆ?” ಎಂದು ಕೇಳಬೇಕು. ಪ್ಲಗ್ ಇರುವುದು ಅಡಿಗೆಮನೆಯಲ್ಲಿ, ಮಿಕ್ಸಿಯ ಪಕ್ಕದಲ್ಲಿ. ಹಾಗಾಗಿ ನಾನು ಮೂರು ತಾಲ್ಲೂಕಿನ ಅಡಿಗೆಮನೆಗಳಲ್ಲಿ ಮಣೆ ಹಾಕಿಸಿಕೊಂಡು ಕೂತವಳು.

ಹೋದ ವರ್ಷ ಶಿವಮೊಗ್ಗದ ಅಂಗಡಿಯವನು ಒಂದು ಸಣ್ಣ ಲ್ಯಾಪ್‌ಟಾಪನ್ನು ನನ್ನ ಅಂಗೈ ಮೇಲೆ ಇಟ್ಟ. “ನೋಡಿ ಮೇಡಂ, ಒಂದು ಕೆ.ಜಿ.ಯೂ ಇಲ್ಲ. ಬ್ಯಾಟರಿ ಹತ್ತು ಗಂಟೆ. ಟಚ್ ಸ್ಕ್ರೀನು. ಟ್ರಾವೆಲ್ ಮಾಡೋರಿಗೆ ಅಂತಾನೇ ಮಾಡಿದ್ದು” ಎಂದ. ಟ್ರಾವೆಲ್ ಮಾಡುವವಳು! ಕೊಪ್ಪ–ಶೃಂಗೇರಿ ಬಸ್ಸಿನಲ್ಲಿ ನಿಂತು ಹೋಗುವವಳಿಗೆ ಆ ಮಾತು ಕೇಳಿ ವಿಮಾನವನ್ನೇ ಹತ್ತಿದ ಹಾಗಾಯಿತು. ಕೊಂಡುಬಿಟ್ಟೆ. ಹಗುರ ಎನ್ನುವ ಮಾತಿಗೆ ನಾನು ಮರುಳಾಗಿದ್ದು ಅದೇ ಮೊದಲೇನಲ್ಲ. ಕಾಲೇಜಿನ ದಿನಗಳಲ್ಲಿ ಹಗುರ ಎಂದು ಮೂರು ಮಡಿಕೆಯ ಕೊಡೆ ತಂದಿದ್ದೆ. ಶೃಂಗೇರಿಯ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ಗಾಳಿಗೇ ಅದು ಮಗುಚಿ ಬೋಗುಣಿಯಾಯಿತು. ತೊಪ್ಪೆಯಾಗಿ ಮನೆಗೆ ಬಂದವಳನ್ನು ನೋಡಿ ಅಮ್ಮ, “ಕೊಡೆ ತಂದಿದ್ದು ನೆನೀದೆ ಇರಕ್ಕಾ, ಚೀಲದಲ್ಲಿ ಮಡಚಿ ಇಟ್ಕಳಕ್ಕಾ?” ಎಂದು ಕೇಳಿದ್ದಳು. ಅಮ್ಮ ಇದ್ದಿದ್ದರೆ ಲ್ಯಾಪ್‌ಟಾಪಿಗೂ ಅದನ್ನೇ ಕೇಳುತ್ತಿದ್ದಳು.

ಸಣ್ಣದರ ಅವತಾರಗಳನ್ನು ಏನೆಂದು ಹೇಳಲಿ! ಮೈಗೆಲ್ಲ ಒಂದೇ ತೂತು. ಅದಕ್ಕೆ ಚಾರ್ಜರು ಹಾಕಿದರೆ ಪೆನ್‌ಡ್ರೈವಿಗೆ ಜಾಗವಿಲ್ಲ, ಪೆನ್‌ಡ್ರೈವ್ ಹಾಕಿದರೆ ಮೌಸಿಗಿಲ್ಲ. ಎರಡನ್ನೂ ಸೇರಿಸಲು ಒಂದು ಬಾಲ ಕೊಳ್ಳಬೇಕು. ಆ ಬಾಲವೂ ಹಗುರ, ಆದ್ದರಿಂದ ಎಲ್ಲೆಲ್ಲೋ ಬಿದ್ದು ಹೋಗುತ್ತದೆ. ನಾನು ಇದುವರೆಗೆ ಮೂರು ಬಾಲ ಕಳೆದುಕೊಂಡಿದ್ದೇನೆ. ಕೀಲಿಗಳೋ ತೊಗರಿಬೇಳೆಯಷ್ಟು. ‘ಸಕುಟುಂಬ ಸಪರಿವಾರ ಸಮೇತ’ ಎಂದು ಕುಟ್ಟುವಷ್ಟರಲ್ಲಿ ಪರಿವಾರವೆಲ್ಲ ಚೆಲ್ಲಾಪಿಲ್ಲಿಯಾಗಿರುತ್ತದೆ. ಬಸ್ಸು ತಿರುವು ತೆಗೆದುಕೊಂಡರೆ ತೊಡೆಯಿಂದ ಜಾರಿ ಪಕ್ಕದವರ ಮಡಿಲಿಗೆ ಹೋಗುತ್ತದೆ. ಹನ್ನೊಂದು ಇಂಚಿನ ಪರದೆಯ ಸುತ್ತ ಅಂಚೆಂಬುದೇ ಇಲ್ಲ, ತುದಿಯವರೆಗೂ ಗಾಜು. ಆ ಗಾಜೋ ಮುಟ್ಟಿದರೆ ಮುನಿ. ಬೆರಳು ತಾಗಿದರೆ ಸಾಕು, ಏನಾದರೊಂದು ಮಾಡಿಬಿಡುತ್ತದೆ.

ಇನ್ನೊಂದು ನಷ್ಟ ನನಗೆ ತಡವಾಗಿ ತಿಳಿಯಿತು. ಹತ್ತು ಗಂಟೆ ಬ್ಯಾಟರಿ ಬರುವುದರಿಂದ ಪ್ಲಗ್ ಕೇಳುವ ಅಗತ್ಯವಿಲ್ಲ. ಪ್ಲಗ್ ಕೇಳದಿದ್ದರೆ ಅಡಿಗೆಮನೆಗೆ ಕರೆಯುವವರಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ತಟ್ಟೆಯಲ್ಲಿ ಕೋಡುಬಳೆ ಇಟ್ಟು, ವಿಮೆಯ ಏಜೆಂಟನ್ನು ಮಾತಾಡಿಸುವ ಹಾಗೆ ಮಾತಾಡಿಸಿ ಕಳಿಸುತ್ತಾರೆ.

ಕಡಹಿನಬೈಲಿನ ರಾಘಣ್ಣನ ಮನೆಯಲ್ಲೂ ಅವತ್ತು ನಾನು ಜಗಲಿಯಲ್ಲೇ ಕೂತಿದ್ದೆ. ರಾಘಣ್ಣನ ಮಗಳು ಸಿಂಧುವಿನ ಮದುವೆಯ ಕರೆಯೋಲೆ. ಸಿಂಧುವಿನ ತಾಯಿ ವಿಮಲ ಶೃಂಗೇರಿ ಕಡೆಯ ಶಾಲೆಯಲ್ಲಿ ಟೀಚರು. ಸೋಮವಾರ ಹೋದರೆ ಶನಿವಾರ ಬರುವುದು. ಹಾಗಾಗಿ ಹುಡುಗಿಯನ್ನು ಎತ್ತಿ ಆಡಿಸಿ, ಜಡೆ ಹಾಕಿ, ಜ್ವರ ಬಂದರೆ ಪಕ್ಕದಲ್ಲಿ ಮಲಗಿಸಿಕೊಂಡು ಬೆಳೆಸಿದವರು ರಾಘಣ್ಣನ ಅತ್ತಿಗೆ, ಸಿಂಧುವಿನ ದೊಡ್ಡಮ್ಮ ಜಲಜಕ್ಕ. ರಾಘಣ್ಣನ ಅಣ್ಣ ತೀರಿಕೊಂಡಾಗ ಜಲಜಕ್ಕನಿಗೆ ಇಪ್ಪತ್ತಾರು. ಮಕ್ಕಳಿಲ್ಲ. ಈಗ ಅರವತ್ತು ದಾಟಿದೆ. ಮನೆಯಲ್ಲಿ ಎಂಬತ್ತೈದರ ಅಜ್ಜಿಯೂ ಇದ್ದಾರೆ, ರಾಘಣ್ಣನ ತಾಯಿ, ಜಲಜಕ್ಕನ ಅತ್ತೆ.

ಅವತ್ತು ಆ ಹನ್ನೊಂದು ಇಂಚಿನ ಸುತ್ತ ಐದು ತಲೆಗಳು. ಎದುರಿಗಿದ್ದವರಿಗೆ ಅಕ್ಷರ ಸಣ್ಣ, ಪಕ್ಕದಲ್ಲಿದ್ದವರಿಗೆ ಬರೀ ಹೊಳಪು. ಅಜ್ಜಿ ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಿಡಿದರು. ರಾಘಣ್ಣ ಮುಹೂರ್ತದ ಸಾಲನ್ನು ಬೆರಳಿಟ್ಟು ಓದಲು ಹೋದದ್ದೇ ತಡ, ಪುಟವೆಲ್ಲ ಹಾರಿಹೋಗಿ ಪರದೆ ತುಂಬ ಒಂದೇ ಒಂದು ಅಕ್ಷರ ನಿಂತಿತು.

“ಮುಟ್ಟಬೇಡಿ ರಾಘಣ್ಣಾ!”

“ಎಂತ ಯಂತ್ರ ಮಾರಾಯ್ತಿ ಇದು, ಓದಕ್ಕೂ ಬಿಡದಿಲ್ಲ” ಎಂದರು ರಾಘಣ್ಣ. ಸಿಂಧು, ವಿಮಲ ನಕ್ಕರು. ನಾನು ಪುಟವನ್ನು ಮತ್ತೆ ಜಾಗಕ್ಕೆ ತಂದೆ.

ಕೊನೆಯಲ್ಲಿ ಸಿಂಧು ಒಂದು ಸಾಲು ಸೇರಿಸಲು ಹೇಳಿದಳು. ಕಾರ್ಡಿನ ಬಲಗಡೆಯ ಕೆಳಮೂಲೆಯಲ್ಲಿ: ‘ಸಿಂಧುವಿನ ಪ್ರೀತಿಯ ದೊಡ್ಡಮ್ಮ ಶ್ರೀಮತಿ ಜಲಜಾಕ್ಷಿ’. ರೇಷನ್ ಕಾರ್ಡು, ಓಟಿನ ಪಟ್ಟಿ ಬಿಟ್ಟರೆ ಜಲಜಕ್ಕನ ಹೆಸರು ಎಲ್ಲೂ ಅಚ್ಚಾದದ್ದಿಲ್ಲ. ಅವರು ಕಂಬಕ್ಕೆ ಒರಗಿ ನಿಂತು ನೆಲ ನೋಡುತ್ತಿದ್ದರು. ನಾನು ಸಾಲನ್ನು ಕುಟ್ಟಿ ಮೂಲೆಯಲ್ಲಿ ಕೂರಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ ಹುಡುಗಿ. “ಅರಿಶಿನಾನೂ ದೊಡ್ಡಮ್ಮನೇ ಹಚ್ಚಬೇಕು” ಎಂದಳು.

ಅಜ್ಜಿ ಸುಮ್ಮನಿರಲಿಲ್ಲ. “ಮುತ್ತೈದೆಯರು ಹಚ್ಚದು ಕೂಸೇ. ನಿನ್ನಮ್ಮ ಇದಾಳಲ್ಲ. ಶುಭ ಕೆಲಸ, ನಾಳೆ ಹೆಚ್ಚು ಕಡಿಮೆಯಾದ್ರೆ?” ಎಂದರು. ಅಜ್ಜಿ ಕೆಟ್ಟವರಲ್ಲ. ಅವರು ಕಲಿತದ್ದನ್ನು ಅವರು ಹೇಳಿದರು. ವಿಮಲ ಅರಿಶಿನದ ಬಟ್ಟಲನ್ನು ತಾವೇ ತಂದು ಜಲಜಕ್ಕನ ಕೈಗೆ ಕೊಟ್ಟರು. ಜಲಜಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಟ್ಟಲು ಹಿಡಿದರು. ಆಮೇಲೆ ಬಗ್ಗಿ, ಒಂದೊಂದೇ ಮೂಲೆಗೆ ಬೊಟ್ಟು ಇಟ್ಟರು. ಅಂಚಿಲ್ಲದ ಲ್ಯಾಪ್‌ಟಾಪು. ಬೊಟ್ಟು ಗಾಜಿನ ಮೇಲೇ ಬಿತ್ತು. ಕೊನೆಯದು ಬಲಗಡೆಯ ಕೆಳಮೂಲೆ. ಬೆರಳು ಸ್ವಲ್ಪ ಜಾರಿ ಅರಿಶಿನ ಕೆಳಗಡೆಗೆ ಎಳೆದ ಹಾಗಾಯಿತು.

ನನಗೆ ಬುದ್ಧಿ ಇದ್ದಿದ್ದರೆ ಅಲ್ಲೇ ಒರೆಸಿ ನೋಡುತ್ತಿದ್ದೆ. ಆದರೆ ನಾನು ಯಾರ ಮಗಳು? ಅರಿಶಿನ ಬಿದ್ದ ಮೇಲೆ ಅಕ್ಷರ ಮುಟ್ಟಬಾರದು. ಮುಚ್ಚಳವನ್ನು ತೊಟ್ಟಿಲಿನ ಹಾಗೆ ಮೆಲ್ಲಗೆ ಮುಚ್ಚಿ, ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಅರಿಶಿನವಿದ್ದ ಹಾಗೇ, ಫೈಲನ್ನು ಶಿವಮೊಗ್ಗದ ಮುದ್ರಣದವರಿಗೆ ಕಳಿಸಿಬಿಟ್ಟೆ.

ಕಾರ್ಡುಗಳು ಬಸ್ಸಿನಲ್ಲಿ ಪಾರ್ಸೆಲ್ ಬಂದು ಕಡಹಿನಬೈಲು ಸೇರಿದ ದಿನ ನಾನು ಕಿಗ್ಗದಲ್ಲಿದ್ದೆ, ಒಂದು ಉಪನಯನದ ಕೆಲಸಕ್ಕೆ. ದೇವಸ್ಥಾನದ ಹತ್ತಿರದ ಹೋಟೆಲಿನಲ್ಲಿ ಬನ್ಸು ಮುರಿದು ಬಾಯಿಗಿಡುವಾಗ ಸಿಂಧುವಿನ ಫೋನು.

“ವಾರಿಜಕ್ಕಾ, ದೊಡ್ಡಮ್ಮನ ಹೆಸರೆಲ್ಲಿ?” ಹುಡುಗಿ ಅಳುತ್ತಿದ್ದಳು. “ಶುಕ್ರವಾರ ಕಾರ್ಡು ಹಂಚಕ್ಕೆ, ಹೇಳಿಕೆಗೆ ಹೊರಡಬೇಕು. ದೇವರ ಮುಂದೆ ಇಟ್ಟು ತೆಗೆದು ಓದ್ತೀನಿ, ಹೆಸರೇ ಇಲ್ಲ. ನೀವು ತೆಗೆದ್ರಾ? ಯಾರಾದ್ರೂ ತೆಗೀರಿ ಅಂದ್ರಾ?”

ಬನ್ಸನ್ನು ತಟ್ಟೆಗೆ ಹಾಕಿ ಕೈ ಒರೆಸಿಕೊಂಡೆ. ಲ್ಯಾಪ್‌ಟಾಪು ತೆರೆದೆ. ಒಣಗಿದ ಅರಿಶಿನವನ್ನು ಸೆರಗಿನಿಂದ ಒರೆಸಿದೆ. ಕೆಳಗೆ ಹೆಸರಿಲ್ಲ. ಪುಟವನ್ನು ಚಿಕ್ಕದು ಮಾಡಿ ಆಚೆ ಈಚೆ ಹುಡುಕಿದೆ. ಅಲ್ಲಿತ್ತು. ಕಾರ್ಡಿನ ಗೆರೆಯಿಂದ ಆಚೆ, ಅಚ್ಚಾಗದ ಬೂದು ಬಣ್ಣದ ಖಾಲಿ ಜಾಗದಲ್ಲಿ, ಸಾಲು ಪೂರ್ತಿಯಾಗಿ, ಒಂದು ಅಕ್ಷರವೂ ಕೆಡದೆ ಇತ್ತು. ಪರದೆ ದೊಡ್ಡದಾಗಿದ್ದಿದ್ದರೆ ಆ ಬೂದು ಜಾಗ ಕಣ್ಣಿಗೆ ಬೀಳುತ್ತಿತ್ತು. ಅಂಚು ಇದ್ದಿದ್ದರೆ ಅರಿಶಿನ ಅಂಚಿಗೆ ಬೀಳುತ್ತಿತ್ತು. ಗಾಜು ಗಾಜಾಗಿಯೇ ಇದ್ದಿದ್ದರೆ ಬೆರಳಿನ ಜೊತೆ ಹೆಸರು ಜಾರುತ್ತಿರಲಿಲ್ಲ. ಆ ಒಂದು ಕೆ.ಜಿ.ಯನ್ನು ಎತ್ತಿ ಹೊರಗಿನ ಚರಂಡಿಗೆ ಎಸೆಯುವಷ್ಟು ಸಿಟ್ಟು ಬಂತು. ಹಗುರ ಇದೆ, ದೂರವೇ ಹೋಗುತ್ತಿತ್ತು.

ಸಿಟ್ಟು ಇಳಿದ ಮೇಲೆ ಹೆದರಿಕೆ ಶುರುವಾಯಿತು. ಹೆಸರನ್ನು ಪುಟದಿಂದ ಹೊರಗೆ ಹಾಕಿದ್ದು ಯಾರ ಬೆರಳು? ಜಲಜಕ್ಕನದೇ. ಈ ಸತ್ಯವನ್ನು ಆ ಜಗಲಿಯಲ್ಲಿ ಹೇಳಿದರೆ ಅಜ್ಜಿ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಯಂತ್ರದ ತಪ್ಪು ಎಂದು ನಾನು ಎಷ್ಟು ಹೇಳಿದರೂ, ಮುಂದೆ ಆ ಮನೆಯಲ್ಲಿ ಹಾಲು ಒಡೆದರೂ ಆ ಬೆರಳಿನ ಕಡೆಗೇ ನೋಡುತ್ತಾರೆ. ಕಿಗ್ಗದಿಂದ ಶೃಂಗೇರಿ, ಶೃಂಗೇರಿಯಿಂದ ಕೊಪ್ಪ, ಕೊಪ್ಪದಿಂದ ನರಸಿಂಹರಾಜಪುರ, ಅಲ್ಲಿಂದ ಕಡಹಿನಬೈಲು. ಬಸ್ಸು ಬದಲಿಸಿ ಬದಲಿಸಿ, ದಾರಿಯುದ್ದಕ್ಕೂ ನಾನು ಅಪ್ಪನ ಹತ್ತಿರ ಮನಸ್ಸಿನಲ್ಲೇ ಜಗಳ ಆಡುತ್ತಾ ಹೋದೆ.

ಜಗಲಿ ಹತ್ತುವಾಗಲೇ ಅಜ್ಜಿ ಶುರು ಮಾಡಿದ್ದರು. “ನಾನು ಅವತ್ತೇ ಹೇಳಿದ್ದೆ. ಹಚ್ಚಬೇಕಾದವರು ಹಚ್ಚಿದ್ರೆ...”

“ನಂದೇ ತಪ್ಪು ಅಜ್ಜಿ” ಎಂದೆ, ಅವರ ಮಾತು ಮುಗಿಯುವ ಮೊದಲೇ. “ಬಸ್‌ಸ್ಟ್ಯಾಂಡಲ್ಲಿ ಕೂತಾಗ ಮುಹೂರ್ತದ ಸಾಲು ಸ್ವಲ್ಪ ಸೊಟ್ಟ ಕಂಡ್ತು. ಸರಿ ಮಾಡಕ್ಕೆ ಹೋಗಿ ಕೆಳಗಿನ ಸಾಲು ಅಳಿಸಿಬಿಟ್ಟಿದೀನಿ. ನೋಡ್ಕಳದೆ ಕಳಿಸ್ದೆ. ಬೇರೆ ಅಚ್ಚು ಹಾಕಿಸಿ ಕೊಡದು ನನ್ನ ಹೊಣೆ.”

ರಾಘಣ್ಣ ನನ್ನನ್ನೇ ನೋಡಿದರು. “ಅರಿಶಿನ ಬಿದ್ದ ಮೇಲೆ ಮುಟ್ಟಿದ್ಯಾ?”

“ಮುಟ್ಟಿದೆ.”

“ನಿಮ್ಮಪ್ಪ ಇದ್ದಿದ್ರೆ ನಿನ್ನ ಹೊಸಿಲು ದಾಟಕ್ಕೆ ಬಿಡ್ತಿರ್ಲಿಲ್ಲ” ಎಂದರು ಅಜ್ಜಿ. ಅವರ ಸಿಟ್ಟು ಪೂರ್ತಿಯಾಗಿ ನನ್ನ ಕಡೆ ತಿರುಗಿತು. ಸಿಂಧು ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಇಷ್ಟು ವರ್ಷ ಬೆಳೆಸಿಕೊಂಡು ಬಂದ ಹೆಸರು ಒಂದು ಮಾತಿಗೆ ಹೋಯಿತು. ಅಳು ಬಂತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಐವತ್ತು ದಾಟಿದ ಮೇಲೆ ಬೈಸಿಕೊಂಡು ಅಳುವುದಕ್ಕೂ ಒಂದು ಅಭ್ಯಾಸ ಬೇಕು, ನನಗದು ತಪ್ಪಿಹೋಗಿತ್ತು.

ಜಲಜಕ್ಕ ನನ್ನನ್ನು ಅಡಿಗೆಮನೆಗೆ ಕರೆದರು. ಮಣೆ ಹಾಕಿ, ಬೆಲ್ಲದ ಕಾಫಿ ಕೊಟ್ಟು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಯಾಕೆ ಸುಳ್ಳು ಹೇಳ್ದೆ?”

“ಎಂತ ಸುಳ್ಳು?”

“ನಾ ನೋಡಿದೀನಿ ಮಾರಾಯ್ತಿ. ನನ್ನ ಬೆರಳಿನ ಸಂಗಡವೇ ಆ ಸಾಲು ಜಾರಿ ಕೆಳಗೆ ಹೋಯ್ತು.”

ಲೋಟ ಕೆಳಗಿಟ್ಟೆ. “ನೋಡಿದ್ರಾ? ಮತ್ತೆ ಅವತ್ತೇ ಹೇಳಬಾರ್ದಾಗಿತ್ತಾ ಜಲಜಕ್ಕಾ!”

“ಹೇಳದು ಎಂತ? ಹಚ್ಚಬೇಡ ಅಂದ್ರು, ಹಚ್ಚಿದೆ, ಹೋಯ್ತು. ನನ್ನ ಕೈಗುಣ ಇಷ್ಟೇ ಅಂದ್ಕಂಡೆ.”

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದೇ ತಿಳಿಯಲಿಲ್ಲ. ಅಜ್ಜಿಯ ಮೇಲೋ, ಶಿವಮೊಗ್ಗದ ಅಂಗಡಿಯವನ ಮೇಲೋ, ಬಾಯಿಬಿಡದೆ ನಿಂತಿದ್ದ ಈ ಹೆಂಗಸಿನ ಮೇಲೋ! “ಕೈಗುಣ ಅಲ್ಲ, ಆ ದರಿದ್ರ ಯಂತ್ರದ ಗುಣ. ರಾಘಣ್ಣ ಮುಟ್ಟಿದಾಗ ಪುಟಕ್ಕೆ ಪುಟವೇ ಹಾರಿಹೋಗ್ಲಿಲ್ವಾ?”

ಜಲಜಕ್ಕ ಒಲೆಯ ಕಡೆ ತಿರುಗಿದರು. “ರಾಘು ಮುಟ್ಟಿ ಹಾರಿದ್ರೆ ಅದು ಯಂತ್ರದ ತಪ್ಪು ವಾರಿಜಾ. ನಾ ಮುಟ್ಟಿ ಹಾರಿದ್ರೆ ನನ್ನ ತಪ್ಪು.”

ಕಾಫಿ ಆರಿಹೋಯಿತು. ಆರಿದ್ದನ್ನೇ ಕುಡಿದು ಎದ್ದೆ.

ಮಾರನೆಯ ದಿನ ಬೆಳಿಗ್ಗೆ ಅಟ್ಟದ ಮೇಲಿಂದ ಹಳೆಯ ಚೀಲ ಇಳಿಸಿ, ಧೂಳು ಕೊಡವಿ, ಮೂರು ಕೆ.ಜಿ.ಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. “ಬಂತಾ ಮತ್ತೆ ಇದು?” ಎಂದ ಕಂಡಕ್ಟರು. ಕಡಹಿನಬೈಲಿನಲ್ಲಿ ಪ್ಲಗ್ ಬೇಕು ಎಂದು ಕೇಳಿ, ಎಲ್ಲರನ್ನೂ ಅಡಿಗೆಮನೆಗೇ ಕರೆಸಿದೆ. ಗಿರಣಿ ಶುರುವಾಯಿತು. ಹದಿನೈದು ಇಂಚು. ಕಾರ್ಡು ಪರದೆ ತುಂಬ ಹರಡಿಕೊಂಡಿತು. ಅಜ್ಜಿ ಒಂದೇ ಕನ್ನಡಕದಲ್ಲಿ ಓದಿದರು, ಕೆಳಮೂಲೆಯ ಸಾಲನ್ನೂ ಗಟ್ಟಿಯಾಗಿ ಓದಿದರು. ಓದಿ, “ಈ ಸಲ ವಿಮಲ ಹಚ್ಚಲಿ” ಎಂದರು.

ನಾನು ಇದಕ್ಕೆ ಬಸ್ಸಿನಲ್ಲೇ ತಯಾರಾಗಿದ್ದೆ. “ಹಂಗಾಗದಿಲ್ಲ ಅಜ್ಜಿ. ಎರಡನೇ ಸಲ ಅಚ್ಚು ಹಾಕುವಾಗ ಮೊದಲು ಹಚ್ಚಿದವರೇ ಹಚ್ಚಬೇಕು. ಕೈ ಬದಲಾಗಬಾರ್ದು. ಅಪ್ಪ ಹೇಳ್ತಿದ್ದ ಮಾತು.”

ಅಪ್ಪ ಹಾಗೆ ಯಾವತ್ತೂ ಹೇಳಿರಲಿಲ್ಲ. ಆದರೆ ಕೇಳಿದ್ದರೆ ಹೇಳುತ್ತಿದ್ದ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಅಜ್ಜಿ ಕನ್ನಡಕ ತೆಗೆದು ಮಡಚಿ, “ನಿಮ್ಮಪ್ಪ ಹೇಳಿದ್ದಾದ್ರೆ ಸರಿಯೇ. ಹಚ್ಚಲಿ ಬಿಡು” ಎಂದರು.

ಜಲಜಕ್ಕ ಬಟ್ಟಲು ಹಿಡಿದು ಬಂದರು. ಅಗಲದ ಅಂಚಿನ ನಾಲ್ಕು ಮೂಲೆಗೆ, ಹಳೆಯ ಕಲೆಗಳ ಮೇಲೇ, ನಾಲ್ಕು ಬೊಟ್ಟು ಇಟ್ಟರು. ಇಟ್ಟು ಸುಮ್ಮನಾಗಲಿಲ್ಲ. ಅರಿಶಿನದ ಬೆರಳನ್ನು ತಮ್ಮ ಹೆಸರಿನ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿ, ನನ್ನ ಕಡೆ ನೋಡಿದರು.

“ಮುಟ್ಟಿದ್ರೆ ಹೋಗದಿಲ್ಲಲ್ಲ?”

“ಹೋಗದಿಲ್ಲ ಜಲಜಕ್ಕ. ಒತ್ತಿ ಮುಟ್ಟಿ.”

ಒತ್ತಿದರು. ಉಗುರು ಬೆಳ್ಳಗಾಗುವ ಹಾಗೆ ಒತ್ತಿದರು. ಬೆರಳು ತೆಗೆದು ಬಗ್ಗಿ ನೋಡಿದರು. ಹೆಸರು ಅಲ್ಲೇ ಇತ್ತು. ಹಳದಿ ಬೊಟ್ಟಿನೊಳಗಿಂದ ‘ಜಲಜಾಕ್ಷಿ’ ಎಂದು ಕಾಣುತ್ತಿತ್ತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಈಗ ಹೇಳಿ, ಪಕ್ಕದ ಮನೆಯ ಹುಡುಗಿಗೆ ನಾನು ಏನೆಂದು ಉತ್ತರ ಕೊಡಲಿ? ಹೆಗಲು ಮುಖ್ಯವಾದರೆ ಸಣ್ಣದು ತಗೋ ಎನ್ನಬಹುದು. ನನ್ನ ಸಣ್ಣದನ್ನು ಬೇಕಾದರೆ ಅವಳಿಗೇ ಕೊಟ್ಟುಬಿಡುತ್ತೇನೆ, ಉಳಿದಿರುವ ಒಂದು ಬಾಲದ ಸಮೇತ. ದೊಡ್ಡದನ್ನು ಕೊಡಲಾರೆ. ಆದರೆ ಅದೂ ನನ್ನನ್ನು ಸುಖವಾಗಿ ಇಟ್ಟಿಲ್ಲ ನೋಡಿ. ಕರೆಯೋಲೆ ಮುಚ್ಚಿದರೆ, ಪರದೆಯ ಆ ಮೂಲೆಯಲ್ಲೇ ಗಂಟೆ ತೋರಿಸುವುದು. ಜಲಜಕ್ಕ ಒತ್ತಿದ ಬೊಟ್ಟು ಸರಿಯಾಗಿ ಅದರ ಮೇಲೆ ಕೂತಿದೆ. ಎಷ್ಟು ಹೊತ್ತಾಯಿತೆಂದು ಕಾಣುವುದಿಲ್ಲ. ಈ ತಿಂಗಳಲ್ಲೇ ಎರಡು ಸಲ ಶೃಂಗೇರಿಯ ಬಸ್ಸು ತಪ್ಪಿಸಿಕೊಂಡು, ಮೂರು ಕೆ.ಜಿ. ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಹೋಗುತ್ತದೆ.

ಒರೆಸಿಲ್ಲ.